ಭಾನುವಾರದ ಮೇಜು

ಗಂಡ ಮನೆ ಬಿಟ್ಟು ಹೋದದ್ದು ಒಂದು ಶನಿವಾರ, ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆದ ಮೇಲೆ. ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಹೊತ್ತಿನಲ್ಲಿ ಯಾವ ಕಟ್ಟಡದಿಂದ ಕರೆ ಬರುತ್ತದೋ ಹೇಳುವಂತಿರಲಿಲ್ಲ. ಹಾಗಾಗಿ ಅವನು ಬ್ಯಾಗು ಹೆಗಲಿಗೇರಿಸಿದಾಗ ಅವನ ತಾಯಿ ಎಂದಿನಂತೆ, "ಮೋಡ ಕವಿದಿದೆ, ಕೊಡೆ ತಗೊಂಡು ಹೋಗೋ," ಎಂದರು. ಅವನು ಕೊಡೆ ತೆಗೆದುಕೊಂಡ. ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಹಿಡಿದು, ಯಾರ ಮುಖವನ್ನೂ ನೋಡದೆ ಹೇಳಿದ: "ನಾನಿನ್ನು ಇಲ್ಲಿಗೆ ಬರಲ್ಲ. ಬೇರೆ ಮನೆ ಮಾಡಿದೀನಿ. ಅವಳ ಜೊತೆ."

'ಅವಳು' ಯಾರೆಂದು ಯಾರೂ ಕೇಳಲಿಲ್ಲ. ಒಂದು ವರ್ಷದಿಂದ ಆ ಮನೆಯಲ್ಲಿ ಹೆಸರಿಲ್ಲದೆ ಓಡಾಡುತ್ತಿದ್ದ ಮಾತು ಅದು. ಸೊಸೆ ಅಡುಗೆಮನೆಯಲ್ಲಿ ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದಳು. ಅವನ ಮಾತು ಕೇಳಿಸಿತು, ಬಾಗಿಲು ಎಳೆದುಕೊಂಡ ಸದ್ದೂ ಕೇಳಿಸಿತು. ಆದರೂ ಪಾತ್ರೆ ಕೆಳಗಿಡಲಿಲ್ಲ. ತಳದ ಕರಿಯೆಲ್ಲ ಹೋಗಿ ಪಾತ್ರೆ ಬೆಳ್ಳಗಾಗುವವರೆಗೂ ಉಜ್ಜಿದಳು. ಆಮೇಲೆ ಕೈ ಒರೆಸಿಕೊಂಡು ಹೊರಗೆ ಬಂದರೆ, ಅತ್ತೆ ಕುರ್ಚಿಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ಹದಿಮೂರರ ಮಗಳು ಚುಕ್ಕಿ ಶಾಲೆಯ ಪುಸ್ತಕ ಮುಂದಿಟ್ಟುಕೊಂಡು ಒಂದೇ ಪುಟವನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಳು.

"ಸಿಟ್ಟಲ್ಲಿ ಹೇಳಿದಾನೆ," ಎಂದರು ಅತ್ತೆ. "ಸಂಜೆಗೆ ಬರ್ತಾನೆ."

ಸಂಜೆ ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ, ಮನೆಯವರೆಲ್ಲ ಹೊರಗಿದ್ದಾಗ ಬಂದು ಬಟ್ಟೆಗಳನ್ನು ತೆಗೆದುಕೊಂಡು, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದ. ಹದಿನಾರು ವರ್ಷದ ಸಂಸಾರ ಮುಗಿದದ್ದು ಹೀಗೆ.

ಮನೆಯಲ್ಲಿ ಉಳಿದವರು ಮೂವರು. ಕಟ್ಟಡದವರೆಲ್ಲ ಅವನ ಹೆಂಡತಿಯನ್ನು 'ಎರಡನೇ ಮಹಡಿ ಅಜ್ಜಿಯ ಸೊಸೆ' ಎಂದೇ ಕರೆಯುತ್ತಿದ್ದರು. ಗಂಡ ಹೋದ ಮೇಲೂ ಆ ಹೆಸರು ಬದಲಾಗಲಿಲ್ಲ. ತನ್ನನ್ನು ಬಿಟ್ಟವನ ತಾಯಿಯ ಜೊತೆ ತಾನು ಯಾವ ಲೆಕ್ಕದಲ್ಲಿ ಇದ್ದೇನೆ ಎಂದು ಅವಳಿಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಒಬ್ಬರು ಒಲೆ ಹಚ್ಚಬೇಕಿತ್ತು, ಇನ್ನೊಬ್ಬರು ಚುಕ್ಕಿಯನ್ನು ಎಬ್ಬಿಸಬೇಕಿತ್ತು. ಹಾಗಾಗಿ ಯಾರೂ ಆ ಪ್ರಶ್ನೆ ಎತ್ತಲಿಲ್ಲ.

ಎತ್ತಿದ್ದು ಬೇರೆ ಮಾತುಗಳನ್ನು. ಅತ್ತೆ ದಿನವೂ ನಾಲ್ಕು ಜನಕ್ಕೆ ಅಕ್ಕಿ ಹಾಕುತ್ತಿದ್ದರು. ದಿನವೂ ಅನ್ನ ಮಿಗುತ್ತಿತ್ತು. ಮೊದಲ ವಾರ ಸೊಸೆ ಸುಮ್ಮನೆ ಅದನ್ನೇ ಮರುದಿನ ಬಿಸಿ ಮಾಡಿಕೊಂಡು ತಿಂದಳು. ಎರಡನೆಯ ವಾರ ತಡೆಯಲಾಗಲಿಲ್ಲ.

"ಅತ್ತೆ, ಮೂರು ಜನಕ್ಕೆ ಎಷ್ಟು ಬೇಕೋ ಅಷ್ಟೇ ಹಾಕಿ."

"ಹಾಕಿದ್ದು ಅಷ್ಟೇ."

"ಇದು ಅಷ್ಟೇನಾ? ಇದನ್ನ ಯಾರಿಗೆ ಬಡಿಸೋದು?"

"ಯಾರಾದರೂ ಬಂದರೆ?"

"ಯಾರು ಬರ್ತಾರೆ? ಹೇಳಿ, ಯಾರು ಬರ್ತಾರೆ?"

ಅತ್ತೆ ಮುಖ ಗಂಟು ಹಾಕಿಕೊಂಡರು. "ನೀನು ಒಂದು ದಿನ ನಗ್ತಾ ಬಾಗಿಲು ತೆಗೆದಿದ್ದರೆ, ಅವನು ಬರ್ತಿದ್ದ."

ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. "ಹೊಲಿದು ಹೊಲಿದು ಬೆನ್ನು ಬಿದ್ದುಹೋಗಿ ಬರ್ತಿದ್ದೆ. ನಗೋದೊಂದು ಬಾಕಿ ಇತ್ತು! ನಿಮ್ಮ ಮಗ ಎಷ್ಟು ದಿನ ನಗ್ತಾ ಒಳಗೆ ಬಂದಿದಾನೆ, ಅದನ್ನೂ ಹೇಳಿ."

"ನನ್ನ ಮಗನ ವಿಷಯ ನನ್ನ ಮುಂದೆ ಆಡಬೇಡ."

"ಮತ್ತೆ ಯಾರ ಮುಂದೆ ಆಡಲಿ? ಗೋಡೆ ಮುಂದೆನಾ?"

ಚುಕ್ಕಿ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಅಂದು ಆ ಮೂವರೂ ಸರಿಯಾಗಿ ಊಟ ಮಾಡಲಿಲ್ಲ.

ಚುಕ್ಕಿಯದು ಇನ್ನೊಂದು ಬಗೆ. ಅವಳು ಅಪ್ಪನ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಆದರೆ ಗೆಳತಿಯ ತಾಯಿ ದಾರಿಯಲ್ಲಿ ಸಿಕ್ಕು, "ನಿಮ್ಮವರಿಗೆ ದೂರದೂರಿಗೆ ವರ್ಗ ಆಯ್ತಂತಲ್ಲ, ಕಷ್ಟ ಅಲ್ವಾ," ಎಂದಾಗ ಸೊಸೆಗೆ ಅರ್ಥವಾಯಿತು. "ಹೌದು, ಕಷ್ಟ," ಎಂದಳು. ಮನೆಗೆ ಬಂದು ಮಗಳನ್ನು ಏನೂ ಕೇಳಲಿಲ್ಲ. ಕೇಳುವುದಕ್ಕೆ ಅವಳಿಗೆ ಮುಖವಿರಲಿಲ್ಲ; ಅವಳೂ ಕೆಲಸದ ಜಾಗದಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಳು.

ಅವಳ ಕೆಲಸ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ. ಒಗೆದ ಬಟ್ಟೆ ಬಂದು ಬೀಳುವ ಕೋಣೆ. ಹರಿದ ಚಾದರ, ದಾರ ಕಿತ್ತ ದಿಂಬಿನ ಚೀಲ, ಗುಂಡಿ ಹೋದ ರೋಗಿಗಳ ಅಂಗಿ, ಎಲ್ಲವೂ ಅವಳ ಯಂತ್ರದ ಮುಂದೆ ರಾಶಿ ಬೀಳುತ್ತಿತ್ತು. ಪಕ್ಕದ ಉದ್ದ ಹಲಗೆಯ ಬಳಿ ಚಾದರ ಮಡಿಸುವವಳು ಗುಂಡಕ್ಕ. ಮೈ ಗುಂಡಗಿದ್ದದ್ದಕ್ಕೆ ಬಂದ ಹೆಸರು. ಅದನ್ನು ಅವಳೇ ಮೊದಲು ಹೇಳಿಕೊಳ್ಳುತ್ತಿದ್ದಳು, ಬೇರೆಯವರು ಹಿಂದಿನಿಂದ ಹೇಳುವ ತೊಂದರೆ ತಪ್ಪಲಿ ಎಂದು.

ಒಂದು ದಿನ ಗುಂಡಕ್ಕ ಒಂದು ಅಂಗಿ ಹಿಡಿದುಕೊಂಡು ಬಂದಳು. "ಇದನ್ನ ಹೊಲಿದಿದ್ದು ನೀನೇನಾ?"

"ಹೂಂ."

"ಈ ರೋಗಿಗೆ ಕೈ ಇಲ್ವಾ?"

ಸೊಸೆ ನೋಡಿದಳು. ಎರಡು ತೋಳುಗಳ ತುದಿಯನ್ನೂ ಮುಚ್ಚಿ ಅಚ್ಚುಕಟ್ಟಾಗಿ ಹೊಲಿದಿಟ್ಟಿದ್ದಳು. ಗುಂಡಕ್ಕ ಆ ಅಂಗಿಯನ್ನು ತಾನೇ ತೊಟ್ಟು, ಚೀಲದಂತಾದ ಕೈಗಳನ್ನು ಆಡಿಸಿ ತೋರಿಸಿದಳು. ಕೋಣೆಯವರೆಲ್ಲ ನಕ್ಕರು. ಸೊಸೆಯೂ ನಕ್ಕಳು. ನಗು ಎಲ್ಲರದೂ ನಿಂತ ಮೇಲೆ ಅವಳದು ನಿಲ್ಲಲಿಲ್ಲ. ಹಾಗೇ ನಗುತ್ತ ನಗುತ್ತ ಬಿಕ್ಕತೊಡಗಿದಳು.

"ಬಾ, ಚಾದರ ಹಿಡಿ," ಎಂದು ಗುಂಡಕ್ಕ ಒಂದು ತುದಿ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು, ಎಳೆದು, ಮಡಿಸಿ, ಹತ್ತಿರ ಬಂದು ತುದಿಗೆ ತುದಿ ಕೊಟ್ಟು, ಮತ್ತೆ ಹಿಂದೆ ಸರಿದರು. ಹತ್ತನೆಯದೋ ಹನ್ನೊಂದನೆಯದೋ ಚಾದರದ ಹೊತ್ತಿಗೆ ಸೊಸೆ ಎಲ್ಲ ಹೇಳಿ ಮುಗಿಸಿದ್ದಳು.

"ನನ್ನವನು ಎರಡು ಸಲ ಬಿಟ್ಟುಹೋದ," ಎಂದಳು ಗುಂಡಕ್ಕ. "ಹೋಗಿದ್ದಕ್ಕಿಂತ, ಮಧ್ಯದಲ್ಲಿ ಒಂದು ಸಲ ವಾಪಸ್ ಬಂದಿದ್ದೇ ನನಗೆ ಜಾಸ್ತಿ ಬೇಜಾರು." ಆಮೇಲೆ ಹೇಳಿದಳು: "ಭಾನುವಾರ ಮಧ್ಯಾಹ್ನ ವಾಚನಾಲಯದ ಹಿಂದಿನ ಕೋಣೇಲಿ ನಾವೊಂದಷ್ಟು ಜನ ಸೇರ್ತೀವಿ. ಒಬ್ಬೊಬ್ಬರೇ ಊಟ ಮಾಡೋಕೆ ಆಗದೇ ಇರೋರು. ಬಂದವರು ಏನಾದರೂ ತರಬೇಕು, ಅಲ್ಲೇ ಕೂತು ತಿನ್ನಬೇಕು. ಹೊಸಬರನ್ನ ಯಾರೂ ಏನೂ ಕೇಳೋ ಹಾಗಿಲ್ಲ. ಬಾ."

"ನನ್ನ ಕಥೆ ಊರಿಗೆಲ್ಲ ಹಂಚೋಕೆ ಅದೇನು ಕರಪತ್ರನಾ? ನಾನು ಬರಲ್ಲ."

"ಬರಬೇಡ. ಬಾ ಅಂದಿದೀನಿ ಅಷ್ಟೇ."

ಗುಂಡಕ್ಕ ಬಿಡುವವಳಲ್ಲ. ಮರುವಾರ ಸಂಜೆ, ಸೊಸೆ ಮರೆತುಬಂದ ಕನ್ನಡಕ ಕೊಡುವ ನೆಪದಲ್ಲಿ ಮನೆಗೇ ಬಂದಳು. ಸೊಸೆ ಅಂಗಡಿಗೆ ಹೋಗಿದ್ದಳು. ಅತ್ತೆ ಚಹಾ ಮಾಡಿಕೊಟ್ಟರು. ಇಬ್ಬರೂ ಅರ್ಧ ಗಂಟೆ ಕೂತು ಏನು ಮಾತಾಡಿದರೋ, ಸೊಸೆ ಬಂದಾಗ ಗುಂಡಕ್ಕ ಮೆಟ್ಟಿಲಿಳಿಯುತ್ತಿದ್ದಳು. ಅತ್ತೆ ಮಾತ್ರ, "ಒಳ್ಳೇ ಹೆಂಗಸು, ಸಕ್ಕರೆ ಜಾಸ್ತಿ ಹಾಕ್ಕೋತಾಳೆ," ಎಂದಷ್ಟೇ ಹೇಳಿದರು.

ಆ ಭಾನುವಾರ ಸೊಸೆ ತಲೆಗೆ ಸ್ನಾನ ಮಾಡಿ ಬಚ್ಚಲಿನಿಂದ ಬಂದರೆ ಅತ್ತೆ ಮನೆಯಲ್ಲಿಲ್ಲ. ಚಪ್ಪಲಿ ಇಲ್ಲ. ಮುಚ್ಚಳವಿದ್ದ ದೊಡ್ಡ ಡಬ್ಬಿಯೂ ಇಲ್ಲ. ಅತ್ತೆಗೆ ಎಪ್ಪತ್ತರ ಹತ್ತಿರ. ಮೆಟ್ಟಿಲಿಳಿದರೆ ಮಂಡಿ ಹಿಡಿಯುತ್ತಿತ್ತು, ಒಬ್ಬರೇ ಎಲ್ಲಿಗೂ ಹೋಗುತ್ತಿರಲಿಲ್ಲ.

"ಅಪ್ಪನ ಮನೆಗೆ ಹೋದಳಾ?" ಎಂದಳು ಚುಕ್ಕಿ.

ಸೊಸೆಯ ತಲೆಯಲ್ಲಿದ್ದದ್ದೂ ಅದೇ. ಒದ್ದೆ ಕೂದಲಲ್ಲೇ ಅವಳು ಮಗಳ ಜೊತೆ ಬಸ್ ನಿಲ್ದಾಣಕ್ಕೆ ಓಡಿದಳು. ಅಲ್ಲಿಲ್ಲ. ಔಷಧಿ ಅಂಗಡಿಯಲ್ಲಿ ವಿಚಾರಿಸಿದರು. ಅಂಗಡಿಯವನು, "ಡಬ್ಬಿ ಹಿಡ್ಕೊಂಡು ವಾಚನಾಲಯ ಎಲ್ಲಿ ಅಂತ ಕೇಳಿದರು. ಈ ವಯಸ್ಸಲ್ಲಿ ಓದೋ ಆಸೆ ನೋಡಿ," ಎಂದ.

ವಾಚನಾಲಯದ ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಂದು ಮೂಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು, ನಡುವೆ ಒಂದು ಉದ್ದನೆಯ ಮೇಜು, ಸುತ್ತ ಎಂಟೊಂಬತ್ತು ಜನ. ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತು ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತ ಮಾತಾಡುತ್ತಿದ್ದರು.

"ನನ್ನ ಸೊಸೆ ಕೇಳ್ತಾಳೆ, ಅಕ್ಕಿ ಯಾಕೆ ಜಾಸ್ತಿ ಹಾಕ್ತೀರಿ ಅಂತ. ನನಗೆ ಗೊತ್ತಿದೆಯಪ್ಪ. ಕೈಗೆ ಗೊತ್ತಾಗಲ್ಲ. ನಲವತ್ತೈದು ವರ್ಷ ಅವನಿಗೆ ಅಂತ ಹಾಕಿದ ಕೈ."

ಯಾರೋ "ಹೂಂ," ಎಂದರು.

"ತಪ್ಪು ಅವನದೇ. ಅದೂ ಗೊತ್ತಿದೆ. ಆದರೆ ಅದನ್ನ ಅವಳ ಮುಂದೆ ಒಪ್ಪಿಕೊಂಡರೆ ನನಗೆ ಮಗ ಇಲ್ಲದ ಹಾಗಾಗುತ್ತೆ. ಒಪ್ಪಿಕೊಳ್ಳದೆ ಇದ್ದರೆ ಅವಳು ನನ್ನ ಕೈತಪ್ಪಿ ಹೋಗ್ತಾಳೆ. ನಾನು ಯಾವ ಕಡೆ ಕೂರಲಿ, ಹೇಳಿ?"

ಸೊಸೆ ಹೊರಗೇ ನಿಂತಿದ್ದಳು. ಚುಕ್ಕಿ ಅವಳ ಕೈ ಹಿಡಿದುಕೊಂಡಳು. ಎಷ್ಟೋ ದಿನವಾಗಿತ್ತು ಮಗಳು ಹಾಗೆ ಕೈ ಹಿಡಿದು. ಒಳಗಿನಿಂದ ಗುಂಡಕ್ಕ ಅವರನ್ನು ಕಂಡಳು. ಎರಡು ಕುರ್ಚಿ ಎಳೆದಿಟ್ಟಳು. ಸೊಸೆ ಹೋಗಿ ಅತ್ತೆಯ ಪಕ್ಕ ಕೂತಳು. ಅತ್ತೆ ಬೆಚ್ಚಿದರು, ಆಮೇಲೆ ಅವಳ ಒದ್ದೆ ಕೂದಲು ನೋಡಿ, "ಒರೆಸಿಕೊಳ್ಳದೆ ಬಂದಿದೀಯಲ್ಲ, ಶೀತ ಆಗುತ್ತೆ," ಎಂದರು.

ಅಂದಿನಿಂದ ಭಾನುವಾರ ಎಂದರೆ ಆ ಮೇಜು. ಅಲ್ಲಿಗೆ ಬರುವವರಲ್ಲಿ ಒಬ್ಬಳು ಬಸ್ಸಿನ ಚಾಲಕಿ ಇದ್ದಳು, ನಿಶ್ಚಯವಾದ ಮದುವೆ ಮುರಿದುಬಿದ್ದು ವರ್ಷವಾಗಿತ್ತು. ನಿವೃತ್ತ ಗಣಿತದ ಮೇಷ್ಟ್ರಿದ್ದರು. ಮೂವತ್ತೊಂದು ವರ್ಷ ಜೊತೆಗಿದ್ದ ಹೆಂಡತಿ, "ಇನ್ನು ಸ್ವಲ್ಪ ದಿನ ನನ್ನ ಪಾಡಿಗೆ ಇರ್ತೀನಿ," ಎಂದು ತಂಗಿಯ ಮನೆಗೆ ಹೋದವರು ಮರಳಿರಲಿಲ್ಲ. ಅವರಿಗೆ ಬರುತ್ತಿದ್ದ ಅಡುಗೆ ಒಂದೇ, ಬೇಯಿಸಿದ ಮೊಟ್ಟೆ. ಪ್ರತಿ ವಾರ ಅದನ್ನೇ ತರುತ್ತಿದ್ದರು. ಅತ್ತೆ ಅವರಿಗೆ ಬೇಳೆ ಬೇಯಿಸಲು ಕಲಿಸಲು ಹೊರಟು, "ಮೇಷ್ಟ್ರೇ, ಉಪ್ಪಿಗೆ ಸೂತ್ರ ಇಲ್ಲ, ನಾಲಿಗೆ ಇದೆ," ಎಂದು ಗದರಿದರು. ಚುಕ್ಕಿಗೆ ಮೇಷ್ಟ್ರು ಬೀಜಗಣಿತ ಹೇಳಿಕೊಟ್ಟರು. ಅಲ್ಲಿ ಯಾರೂ ಯಾರಿಗೂ ಸಮಾಧಾನ ಹೇಳುತ್ತಿರಲಿಲ್ಲ. ತಿನ್ನುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ನಡುನಡುವೆ ಯಾರಿಗಾದರೂ ಮಾತು ಬಂದರೆ ಉಳಿದವರು ಕೇಳುತ್ತಿದ್ದರು.

ಸೊಸೆಗೆ ಮಾತು ಬಂದದ್ದು ಐದನೆಯ ವಾರ. ಯಾರೋ ಬೆಂಡೆಕಾಯಿ ಬಡಿಸಲು ಬಂದಾಗ ಅವಳ ಕೈ ತಾನಾಗಿ ತಟ್ಟೆಗೆ ಅಡ್ಡ ಬಂತು.

"ಬೇಡ್ವಾ? ಇಷ್ಟ ಇಲ್ವಾ?"

"ಅವನಿಗೆ ಇಷ್ಟ ಇಲ್ಲ," ಎಂದಳು. "ಅದಕ್ಕೇ ಹದಿನಾರು ವರ್ಷ ಮನೇಲಿ ಮಾಡಿಲ್ಲ. ನನಗೆ ಇಷ್ಟ ಇತ್ತೋ ಇಲ್ವೋ... ಈಗ ನೆನಪಾಗ್ತಾ ಇಲ್ಲ." ಅಡ್ಡ ಹಿಡಿದ ಕೈ ತೆಗೆದು, "ಅವನು ಹೋಗಿದ್ದಕ್ಕಿಂತ ಇದು ಯಾಕೋ ಜಾಸ್ತಿ ನೋವಾಗುತ್ತೆ," ಎಂದಳು.

ಮುಂದಿನ ಭಾನುವಾರ ನಾಲ್ಕು ಜನ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಬೆಂಡೆಕಾಯಿಯನ್ನೇ ಮಾಡಿ ತಂದಿದ್ದರು. ಸೊಸೆ ನಾಲ್ಕನ್ನೂ ತಿಂದಳು. ಮೂರು ಚೆನ್ನಾಗಿದ್ದವು. ಮೇಷ್ಟ್ರದು ಮಾತ್ರ ಸೀದುಹೋಗಿತ್ತು.

ಮನೆಯಲ್ಲಿ ಜಗಳ ಪೂರಾ ನಿಂತಿತೆಂದಲ್ಲ. ಆದರೆ ಜಗಳ ಈಗ ಒಗೆಯದ ಬಟ್ಟೆಗೆ, ಆರಿಸದ ದೀಪಕ್ಕೆ ನಡೆಯುತ್ತಿತ್ತು; ಹೋದವನ ಸುತ್ತ ಸುತ್ತುತ್ತಿರಲಿಲ್ಲ. ಚುಕ್ಕಿ ಗೆಳತಿಗೆ ನಿಜ ಹೇಳಿದಳು. ಗೆಳತಿ, "ನನಗೆ ಮೊದಲೇ ಗೊತ್ತಿತ್ತು ಕಣೇ, ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ," ಎಂದಳಂತೆ.

ಮನೆ ಬಿಟ್ಟು ಮೂರು ತಿಂಗಳಾದ ಮೇಲೆ ಒಂದು ಶನಿವಾರ ಗಂಡ ಬಂದ. ಬೀಗದ ಕೈ ಇಲ್ಲದ್ದಕ್ಕೆ ಬಾಗಿಲು ತಟ್ಟಿದ. ತನ್ನ ಮನೆಯ ಬಾಗಿಲನ್ನೇ ಹಾಗೆ ತಟ್ಟಿ ನಿಂತವನನ್ನು ನೋಡಿ ಸೊಸೆಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಬನ್ನಿ," ಎಂದಳು. ಹದಿನಾರು ವರ್ಷದಲ್ಲಿ ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅವನ ಮುಖ ಕಪ್ಪಿಟ್ಟಿತು. ಚುಕ್ಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅಮ್ಮ, ನಿನ್ನ ಕರ್ಕೊಂಡು ಹೋಗೋಕೆ ಬಂದೆ," ಎಂದ ಅವನು, ಕೂರದೆ. "ಅವಳು ಈಗ ತುಂಬಿದ ಬಸುರಿ. ವೈದ್ಯರು ಹಾಸಿಗೆಯಿಂದ ಏಳಬಾರದು ಅಂದಿದಾರೆ. ನಾನು ಕೆಲಸಕ್ಕೆ ಹೋದರೆ ನೋಡೋರಿಲ್ಲ."

"ಅವಳ ಕಡೆಯೋರು?" ಎಂದರು ಅತ್ತೆ.

"ಯಾರೂ ಬರಲ್ಲ. ನನ್ನ ದೆಸೆಯಿಂದ ಬಾಗಿಲು ಹಾಕಿಬಿಟ್ಟಿದಾರೆ."

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಅಡುಗೆಮನೆಗೆ ಹೋಗಿ, ಕುಡಿಯಲು ನೀರು ತಂದು ಮೇಜಿನ ಮೇಲಿಟ್ಟು, "ನನ್ನ ಮುಖ ನೋಡಬೇಡಿ ಅತ್ತೆ. ನಾನು ಹೋಗಿ ಅಂತಾನೂ ಹೇಳಲ್ಲ, ಇರಿ ಅಂತಾನೂ ಹೇಳಲ್ಲ," ಎಂದಳು.

"ಹೇಳೇ. ಬಾಯಿ ಬಿಟ್ಟು ಒಂದು ಹೇಳು."

"ಇರಿ ಅಂದರೆ ನೀವು ಇರ್ತೀರ. ಇದ್ದು, ದಿನಾ ಆ ಕಡೆ ಕಿವಿ ಇಟ್ಕೊಂಡು ಕೂತಿರ್ತೀರ. ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

ಅತ್ತೆ ಮಗನಿಗೆ, "ಬುಧವಾರ ಬಾ," ಎಂದರು. ಅವನು ನೀರು ಮುಟ್ಟದೆ ಹೋದ.

ಮಂಗಳವಾರ ಸಂಜೆ ಸೊಸೆ ಅತ್ತೆಯ ಸೀರೆಗಳಿಗೆ ಇಸ್ತ್ರಿ ಹಾಕಿ ಪೆಟ್ಟಿಗೆಗೆ ತುಂಬಿದಳು. ಮಂಡಿಗೆ ಹಚ್ಚುವ ಎಣ್ಣೆ, ಮಾತ್ರೆಯ ಡಬ್ಬಿ, ಉಣ್ಣೆಯ ಶಾಲು. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಯಾರು ಓದುತ್ತಾರೋ ಎಂದು ಒಂದು ಗಳಿಗೆ ಯೋಚಿಸಿ, ಮಡಿಸಿಟ್ಟಳು. ಅತ್ತೆ ಮಂಚದ ತುದಿಯಲ್ಲಿ ಕೂತು ನೋಡುತ್ತಿದ್ದರು.

"ನಾನು ಅವಳ ಸೇವೆ ಮಾಡೋಕೆ ಹೋಗ್ತಿಲ್ಲ," ಎಂದರು. "ಹುಟ್ಟೋ ಕೂಸು ಏನು ಮಾಡಿದೆ, ಪಾಪ."

"ನಾನೇನೂ ಅಂದಿಲ್ಲವಲ್ಲ."

"ನೀನು ಅನ್ನಲ್ಲ. ಅದಕ್ಕೇ ಹೊಟ್ಟೆ ಉರಿಯೋದು. ಒಂದು ಸಲ ಬೈದುಬಿಡು, ನೆಮ್ಮದಿಯಾಗಿ ಹೋಗ್ತೀನಿ."

ಸೊಸೆ ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೇ ಕೂತುಬಿಟ್ಟಳು. "ಅವನು ಹೋದಾಗ ನನಗೆ ಅಳು ಬರಲಿಲ್ಲ ಅತ್ತೆ. ಪಾತ್ರೆ ಉಜ್ಜುತಾ ಇದ್ದೆ. ಈಗ ಉಜ್ಜೋಕೆ ಪಾತ್ರೆನೂ ಇಲ್ಲ."

ಅತ್ತೆ ಎದ್ದು ಬಂದು ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಬಹಳ ಹೊತ್ತು ಹಾಗೇ ನಿಂತಿದ್ದರು, ಮಂಡಿ ನೋಯುತ್ತಿದ್ದರೂ.

"ಭಾನುವಾರ ಆ ಕೋಣೆಗೆ ಬರ್ತೀನಿ," ಎಂದರು ಕೊನೆಗೆ. "ಅದು ಅವನ ಮನೇನೂ ಅಲ್ಲ, ನಿನ್ನ ಮನೇನೂ ಅಲ್ಲ. ಅಲ್ಲಿಗೆ ಬರೋಕೆ ನನಗೆ ಯಾರ ಅಪ್ಪಣೆನೂ ಬೇಡ."

ಮೊದಲ ಭಾನುವಾರ ಅವರು ಬರಲಿಲ್ಲ. ಎರಡನೆಯ ಭಾನುವಾರವೂ ಬರಲಿಲ್ಲ. ಅಂದು ಸೊಸೆ ತುತ್ತು ಎತ್ತಲಾರದೆ ಕೂತಾಗ ಮೇಷ್ಟ್ರು ಒಂದು ಮೊಟ್ಟೆ ಸುಲಿದು ಅವಳ ತಟ್ಟೆಗಿಟ್ಟರು. ಮೂರನೆಯ ಭಾನುವಾರ, ಎಲ್ಲರ ಊಟ ಅರ್ಧವಾದಾಗ, ಅತ್ತೆ ಬಾಗಿಲಲ್ಲಿ ಕಾಣಿಸಿದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಸೊರಗಿಹೋಗಿದ್ದರು. "ಗಂಡು ಮಗು," ಎಂದಷ್ಟೇ ಹೇಳಿ ಕೂತರು. ಬಡಿಸಿದ್ದನ್ನೆಲ್ಲ ಬೇಗಬೇಗ ತಿಂದರು. ಅತ್ತೆಯ ಕೈಬೆರಳುಗಳು ನೀರಲ್ಲಿ ನೆನೆದು ನೆನೆದು ಸುಕ್ಕಾಗಿದ್ದವು. ಸೊಸೆ ಇನ್ನೊಮ್ಮೆ ಬಡಿಸಿದಳು.

ನಾಲ್ಕು ಗಂಟೆಗೆ ಅತ್ತೆ ಹೊರಡಬೇಕಾಯಿತು. ಬಸ್ ನಿಲ್ದಾಣದವರೆಗೂ ಸೊಸೆ, ಚುಕ್ಕಿ, ಗುಂಡಕ್ಕ, ಮೇಷ್ಟ್ರು ಎಲ್ಲರೂ ನಡೆದುಬಂದರು. ಬಸ್ಸು ಬಂತು. ಅತ್ತೆ ಕಂಬಿ ಹಿಡಿದು ಮೇಲೆ ಕಾಲಿಡಲು ಒದ್ದಾಡುತ್ತಿದ್ದಾಗ ಚುಕ್ಕಿ ಹಿಂದಿನಿಂದ ಹಿಡಿದುಕೊಂಡು ಹತ್ತಿಸಿದಳು. ಹತ್ತಿಸಿದವಳು ಇಳಿಯಲಿಲ್ಲ.

"ಅಮ್ಮ, ಅಜ್ಜಿನ ಬಾಗಿಲವರೆಗೆ ಬಿಟ್ಟು ಬರ್ತೀನಿ."

"ಅಲ್ಲಿಗಾ?"

"ಹೂಂ. ಅಲ್ಲಿಗೇ."

ಚಾಲಕ ತಿರುಗಿ ನೋಡುತ್ತಿದ್ದ. ಸೊಸೆಯ ಬಾಯಲ್ಲಿ ಬೇಡ ಎಂಬ ಮಾತು ಬಂದು ನಿಂತಿತ್ತು. ಮಗಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಆ ತುಟಿ ಕಚ್ಚುವ ರೀತಿ ಅವಳಪ್ಪನದೇ.

"ಮುಂದಿನ ಬಸ್ಸಿಗೇ ವಾಪಸ್ ಬಾ," ಎಂದಳು ಸೊಸೆ. ಬಸ್ಸು ಹೋಯಿತು.

ಹೋಗಿ ಬರಲು ಒಂದೂವರೆ ಗಂಟೆ ಬೇಕು. "ನೀವೆಲ್ಲ ಹೋಗಿ, ನಾನು ಕಾಯ್ತೀನಿ," ಎಂದಳು ಸೊಸೆ. ಗುಂಡಕ್ಕ ನಿಲ್ದಾಣದ ಬೆಂಚಿನ ಮೇಲೆ ಕೂತು, "ನನಗೆ ಕಾಲು ನೋವು, ಸ್ವಲ್ಪ ಕೂತು ಹೋಗ್ತೀನಿ," ಎಂದಳು. ಮೇಷ್ಟ್ರು ಬಸ್ಸುಗಳ ವೇಳಾಪಟ್ಟಿಯ ಮುಂದೆ ನಿಂತು ಬಹಳ ಆಸಕ್ತಿಯಿಂದ ಓದತೊಡಗಿದರು. ಐದು ನಿಮಿಷದ ಮೇಲೆ, ಮೇಜಿನ ಪಾತ್ರೆ ತೊಳೆದು ಮುಗಿಸಿ ವಾಚನಾಲಯದಿಂದ ಬಂದ ಚಾಲಕಿ, ಇವರನ್ನು ಕಂಡು ರಸ್ತೆ ದಾಟಿ ಬಂದು, "ನನಗೆ ರಜೆ ದಿನಾನೂ ಬಸ್ ಸ್ಟಾಪೇ ಗತಿ," ಎಂದು ಪಕ್ಕದಲ್ಲಿ ಕೂತಳು.

ಒಂದೊಂದು ಬಸ್ಸು ಬಂದಾಗಲೂ ನಾಲ್ವರೂ ಎದ್ದು ನಿಲ್ಲುತ್ತಿದ್ದರು, ಅದು ಹೋದ ಮೇಲೆ ಕೂರುತ್ತಿದ್ದರು. ಬಿಸಿಲು ಇಳಿಯಿತು. ಎದುರಿನ ಅಂಗಡಿಯ ದೀಪ ಹತ್ತಿತು.

ಏಳನೆಯದೋ ಎಂಟನೆಯದೋ ಬಸ್ಸಿನಿಂದ ಚುಕ್ಕಿ ಇಳಿದಳು. ಕಣ್ಣು ಕೆಂಪಾಗಿತ್ತು.

"ಅಪ್ಪಾನೇ ಬಾಗಿಲು ತೆಗೆದ," ಎಂದಳು. "ಒಳಗೆ ಬಾ ಅಂದ. ನಾನು ಹೋಗಲಿಲ್ಲ. ಮಗೂನ ಬಾಗಿಲಿಗೇ ಎತ್ತಿಕೊಂಡು ಬಂದು ತೋರಿಸಿದ."

"ಹೇಗಿದೆ?"

"ಸಣ್ಣಕಿದೆ. ನಿದ್ದೆ ಮಾಡ್ತಿತ್ತು." ಚುಕ್ಕಿ ಕಣ್ಣು ಒರೆಸಿಕೊಂಡಳು. "ಅಪ್ಪ ಅಳೋಕೆ ಶುರುಮಾಡಿದ ಅಮ್ಮ. ನನಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. ಹೋಗಿಬರ್ತೀನಿ ಅಂತ ಬಂದುಬಿಟ್ಟೆ. ಆಮೇಲೆ ಬಸ್ಸಲ್ಲಿ ನಾನೂ ಅತ್ತುಬಿಟ್ಟೆ. ಎಲ್ಲರೂ ನೋಡ್ತಾ ಇದ್ದರು."

"ನೋಡಲಿ ಬಿಡು," ಎಂದಳು ಗುಂಡಕ್ಕ.

ಸೊಸೆ ಮಗಳ ಹೆಗಲ ಮೇಲೆ ಕೈ ಹಾಕಿದಳು. ಆ ಕೈಯನ್ನು ಮಗಳು ಹಿಡಿದುಕೊಂಡಳು. ಐವರೂ ನಡೆಯತೊಡಗಿದರು. ಚಾಲಕಿ ಮೊದಲ ತಿರುವಿನಲ್ಲಿ ತನ್ನ ದಾರಿ ಹಿಡಿದಳು, ಮೇಷ್ಟ್ರು ಎರಡನೆಯದರಲ್ಲಿ. ಗುಂಡಕ್ಕನ ಮನೆ ಅದಕ್ಕೂ ಮೊದಲೇ ದಾರಿಯಲ್ಲಿ ಸಿಕ್ಕಿತ್ತು. ಆದರೂ ಅವಳು ಇವರ ಕಟ್ಟಡದ ಮೆಟ್ಟಿಲವರೆಗೆ ಬಂದು, ಎರಡನೆಯ ಮಹಡಿಯಲ್ಲಿ ದೀಪ ಹತ್ತುವುದನ್ನು ನೋಡಿಕೊಂಡು ಹಿಂದಿರುಗಿದಳು.